ಉದ್ದಣ್ಣನ ಗೆರೆ

ಬೀಳುವ ಹಿಂದಿನ ದಿನ ಇವರು ತಮ್ಮದೇ ಪ್ಯಾಂಟಿನ ಮಡಿಕೆ ಬಿಚ್ಚುತ್ತಾ ಕೂತಿದ್ದರು.

ಅಂಗಡಿಯ ಬಾಗಿಲಲ್ಲಿ, ಬೆಳಗಿನ ಬಿಸಿಲು ಬೀಳುವ ಕಡೆ, ಸ್ಟೂಲು ಹಾಕಿಕೊಂಡಿದ್ದರು. ತೊಡೆಯ ಮೇಲೆ ಕಪ್ಪು ಪ್ಯಾಂಟು. ಸಣ್ಣ ಕತ್ತರಿಯ ತುದಿಯಿಂದ ಒಂದೊಂದೇ ಹೊಲಿಗೆ ಎತ್ತಿ ದಾರ ಎಳೆಯುತ್ತಿದ್ದರು. ಎಳೆದ ದಾರವನ್ನು ನೆಲಕ್ಕೆ ಹಾಕದೆ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ನೆಲಕ್ಕೆ ಹಾಕಿದರೆ ನಾನು ಬೈಯುತ್ತೇನೆ ಎಂದು ಗೊತ್ತಿತ್ತು.

"ಏನ್ರೀ ಅದು, ಮೊನ್ನೆ ತಾನೇ ಮಡಿಸಿದ್ದಲ್ವಾ?" ಎಂದೆ.

"ಮಡಿಸಿದ್ದೆ. ಈಗ ಇಳಿಸ್ತಾ ಇದೀನಿ. ಗಿರಾಕಿ ಬೆಳೆದಿದಾನೆ."

"ಎಷ್ಟು ಬೆಳೆದಿದಾನೆ?"

"ಒಂದು ಬೆರಳು. ನೀನೇ ತಾನೇ ಗೆರೆ ಎಳೆದಿದ್ದು."

ಹೌದು, ಗೆರೆ ನಾನೇ ಎಳೆದಿದ್ದೆ. ಇವರು ಬಾಗಿಲ ಚೌಕಟ್ಟಿಗೆ ಹಿಮ್ಮಡಿ, ಬೆನ್ನು ತಾಗಿಸಿ ನಿಲ್ಲುತ್ತಿದ್ದರು. ನಾನು ತಲೆಯ ಮೇಲೆ ಮರದ ಸ್ಕೇಲು ಇಟ್ಟು, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಮರದ ಮೇಲೆ ಗೆರೆ ಎಳೆಯುತ್ತಿದ್ದೆ. ಎಷ್ಟೋ ತಿಂಗಳು ಅದೇ ಗೆರೆಯ ಮೇಲೆ ಅದೇ ಗೆರೆ. ಅವತ್ತು ಬೆಳಿಗ್ಗೆ ಅದು ಮೇಲೆ ಬಿತ್ತು. ನಾನು ಎರಡು ಸಲ ಸ್ಕೇಲು ಇಟ್ಟು ನೋಡಿದೆ. ಮೇಲೇ ಇತ್ತು.

"ಸಂಜೆ ಬಡಗಿಗೆ ಹೇಳಿ ಕಳಿಸ್ತೀನಿ, ಮೇಜಿನ ಕಾಲು ಅಂಟಿಸಲಿ," ಎಂದರು.

"ಒಂದು ಬೆರಳಿಗೇ ಇಷ್ಟು ಕುಣೀಬೇಡಿ. ಮೊಸರು ಮುಗಿಸಿ ಮೊದಲು."

ಮುಖ ಹಿಂಡಿಕೊಂಡು ಮುಗಿಸಿದರು. ಮಧ್ಯಾಹ್ನ ಇಬ್ಬರು ಗಿರಾಕಿಗಳು ಬಂದರು. ಸಂಜೆ ನಾವಿಬ್ಬರೂ ಬೀದಿಯ ಕೊನೆಯವರೆಗೆ ನಡೆದು ಬಂದೆವು. ಅಷ್ಟೇ. ಅದೇ ಕೊನೆಯ ಒಳ್ಳೆಯ ದಿನ ಎಂದು ಯಾರೂ ಹೇಳಿರಲಿಲ್ಲ.

ಇವರು ದರ್ಜಿ. ಊರಿಗೆಲ್ಲ ಉದ್ದಣ್ಣ. ಮಕ್ಕಳೂ ಉದ್ದಣ್ಣ ಎನ್ನುತ್ತಿದ್ದವು, ಪೊಲೀಸಿನವರೂ ಉದ್ದಣ್ಣ ಎನ್ನುತ್ತಿದ್ದರು. ಯಾವ ಬಾಗಿಲಿಗೆ ಹೋದರೂ ತಲೆ ತಗ್ಗಿಸಿಯೇ ಒಳಗೆ ಬರುತ್ತಿದ್ದರು. ನಾನು ಮೊದಲು ಇವರನ್ನು ನೋಡಿದ್ದು ಇನ್ನೊಬ್ಬರ ಅಂಗಡಿಯಲ್ಲಿ. ನಾನು ಅಲ್ಲಿ ಕಾಜ ಹಾಕಲು, ಗುಂಡಿ ಹೊಲಿಯಲು ಹೋಗುತ್ತಿದ್ದೆ. ಇವರು ಬಟ್ಟೆ ಕತ್ತರಿಸುತ್ತಿದ್ದರು. ಅಲ್ಲಿಯ ಮೇಜು ಗಿಡ್ಡ. ಇವರು ಬಗ್ಗಿ ಬಗ್ಗಿ ಕತ್ತರಿಸಿ, ಸಂಜೆಗೆ ಸೊಂಟ ಹಿಡಿದುಕೊಂಡು ನಿಲ್ಲುತ್ತಿದ್ದರು. ನನಗೆ ಪಾಪ ಅನ್ನಿಸಿತು. ಮದುವೆ ಆದದ್ದು ಆ ಪಾಪದಿಂದಲೇ ಎಂದು ನಾನು ಛೇಡಿಸುತ್ತಿದ್ದೆ.

ಸ್ವಂತ ಅಂಗಡಿ ಆದಾಗ ಇವರು ಮೊದಲು ಮಾಡಿಸಿದ್ದು ಮೇಜು. ಮಿಷನ್ ಹಳೆಯದೇ. ಮೇಜು ಮಾತ್ರ ಹೊಸದು, ಇವರ ಹೊಕ್ಕುಳಿನ ಮಟ್ಟಕ್ಕೆ. "ಬಗ್ಗಿ ಕತ್ತರಿಸಿದ್ರೆ ಗೆರೆ ಸೊಟ್ಟಗಾಗುತ್ತೆ. ನಾನು ನೆಟ್ಟಗೆ ನಿಂತೇ ಕತ್ತರಿಸೋನು," ಎಂದು ಬಡಗಿಗೆ ಹೇಳಿದ್ದರು. ನನಗೆ ಅದು ಎದೆಗೆ ಬರುತ್ತಿತ್ತು. ಆ ಮೇಜಿನ ಹತ್ತಿರ ಕೆಲಸ ಮಾಡಬೇಕೆಂದರೆ ನಾನು ಕಾಲ ಕೆಳಗೆ ಹಲಗೆ ಹಾಕಿಕೊಳ್ಳಬೇಕಿತ್ತು.

ಅಂಗಡಿ ಚಿಕ್ಕದು. ಮುಂದೆ ಬಾಗಿಲು, ಹಿಂದೆ ನಮ್ಮ ಮನೆ. ಇವರು ಬೆಳಿಗ್ಗೆ ಮನೆಯಿಂದ ಅಂಗಡಿಗೆ ಬರುತ್ತಿದ್ದರು, ರಾತ್ರಿ ಅಂಗಡಿಯಿಂದ ಮನೆಗೆ ಹೋಗುತ್ತಿದ್ದರು. ಬಿಸಿಲು ಎಂಬುದು ಗಿರಾಕಿಗಳು ಬೆವರು ಒರೆಸಿಕೊಂಡು ಬಂದಾಗ ತಿಳಿಯುವ ವಿಷಯ. ಹಾಲು, ಮೊಸರು ಕಂಡರೆ ಆಗದು. ಟೀ ಕೂಡ ಕಪ್ಪಗೆ. ಮದುವೆಗೆ ಮುಂಚಿನಿಂದ ಸಿಗರೇಟು. ಮಗಳು ಹುಟ್ಟಿದ ಮೇಲೆ ಬಿಟ್ಟರು. ಆದರೆ ಬಟ್ಟೆಯ ಜುಂಗು ಎದೆಗೆ ಹೋಗಿ ಹೋಗಿ ಉಬ್ಬಸ ಹಿಡಿಯಿತು. ಯಾವುದೋ ಕಾಲದಲ್ಲಿ ಯಾವುದೋ ಡಾಕ್ಟರು ಒಂದು ಸಣ್ಣ ಮಾತ್ರೆ ಬರೆದುಕೊಟ್ಟಿದ್ದರು. ಅದನ್ನು ನುಂಗಿದರೆ ಎದೆ ಹಗುರ. ಆ ಡಾಕ್ಟರು ಊರು ಬಿಟ್ಟರೂ ಇವರು ಮಾತ್ರೆ ಬಿಡಲಿಲ್ಲ. ಔಷಧಿ ಅಂಗಡಿಯವನಿಗೆ ಚೀಟಿ ಬೇಕಿರಲಿಲ್ಲ, ಇವರ ಮುಖ ಕಂಡರೆ ಸಾಕಿತ್ತು. ಹೋಗುವುದು, ತರುವುದು, ನುಂಗುವುದು. ವರ್ಷಗಟ್ಟಲೆ.

ಆಮೇಲೆ ಪ್ಯಾಂಟುಗಳು ಉದ್ದವಾಗತೊಡಗಿದವು.

ಇವರ ಹಳೆಯ ಪ್ಯಾಂಟುಗಳೇ. ಹಿಮ್ಮಡಿಯ ಕೆಳಗೆ ಬಂದು ನೆಲ ಗುಡಿಸುತ್ತಿದ್ದವು. "ಈಗಿನ ಬಟ್ಟೆಗೆ ಜೀವ ಇಲ್ಲ ಕಣೇ, ಇಸ್ತ್ರಿ ಮಾಡಿದಷ್ಟೂ ಜೋತು ಬೀಳುತ್ತೆ," ಎಂದು ಇವರು ಮಡಿಸಿ ಹೊಲಿದರು. ನಾನೂ ಹೌದು ಎಂದೆ. ಮತ್ತೆ ಅಂಗಿಯ ಮುಂಭಾಗ ಇಳಿಯಿತು, ಹಿಂಭಾಗ ಮೇಲೆ ಹೋಯಿತು. ಇವರು ತಮ್ಮ ಅಂಗಿಗೆ ಹಿಂದೆ ಸ್ವಲ್ಪ ಜಾಸ್ತಿ, ಮುಂದೆ ಸ್ವಲ್ಪ ಕಡಿಮೆ ಬಟ್ಟೆ ಬಿಟ್ಟು ಕತ್ತರಿಸಿದರು. ಸರಿಯಾಗಿ ಕೂತಿತು. ಗೂನು ಬೆನ್ನಿನ ಮುದುಕರಿಗೆ ಇವರು ಹಾಗೆಯೇ ಕತ್ತರಿಸುತ್ತಿದ್ದರು. ತಮಗೂ ಹಾಗೇ ಕತ್ತರಿಸಿಕೊಂಡರು, ಅಷ್ಟೇ. ದರ್ಜಿಯ ಬುದ್ಧಿಯೇ ಅದು. ಬಟ್ಟೆ ಸರಿಯಾಗಿ ಕೂತಿಲ್ಲ ಎಂದರೆ ತಿದ್ದಬೇಕಾದದ್ದು ಬಟ್ಟೆ. ಮೈಯನ್ನು ಯಾರೂ ಅನುಮಾನಿಸುವುದಿಲ್ಲ.

ಆಮೇಲೆ ಮೇಜು ಎತ್ತರವಾಯಿತು.

"ನೆಲ ಕುಸಿದಿದೆ," ಎಂದರು ಇವರು. "ಮೇಜು ನನ್ನ ಎದೆಗೆ ಬರ್ತಾ ಇದೆ. ನೆಲ ಕುಸಿದಿರೋದು ನಾನು ನಿಲ್ಲೋ ಕಡೆ."

ಬಡಗಿ ಬಂದ. ಇವರ ಹಳೆಯ ಗೆಳೆಯ. ನೆಲದ ಮೇಲೆ ಮಟ್ಟಗೋಲು ಇಟ್ಟು, ಅಡ್ಡ ಇಟ್ಟು, ಉದ್ದ ಇಟ್ಟು ನೋಡಿದ.

"ನೆಲ ನೆಲದ ಜಾಗದಲ್ಲೇ ಇದೆ ಉದ್ದಣ್ಣ. ನೀನೇ ಕುಸಿದಿರಬೇಕು."

"ನಿನ್ನ ಮಟ್ಟಗೋಲಿನ ನೀರು ಬತ್ತಿದೆ. ಸುಮ್ನೆ ಕಾಲು ಕುಯ್ಯಿ."

"ಯಾರದು? ನಿನ್ನದಾ, ಮೇಜಿನದಾ?"

ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನಕ್ಕ ಮೇಲೆ ಅವನು ಮೇಜಿನ ಕಾಲುಗಳನ್ನು ಎರಡು ಬೆರಳಿನಷ್ಟು ಕುಯ್ದ. ಕೆಲವು ವರ್ಷಗಳಾದ ಮೇಲೆ ಇನ್ನೊಮ್ಮೆ ಬಂದು ಇನ್ನಷ್ಟು ಕುಯ್ದ. ಆ ಸಲ ನಗಲಿಲ್ಲ. ಕುಯ್ದ ತುಂಡುಗಳನ್ನು ಇವರು ಒಂದು ಡಬ್ಬಿಗೆ ಹಾಕಿ ಮಿಷನ್ನಿನ ಕೆಳಗಿಟ್ಟರು. ಇವರು ಯಾವ ತುಂಡನ್ನೂ ಎಸೆಯುವವರಲ್ಲ.

ಒಂದು ದಿನ ಇಸ್ತ್ರಿಪೆಟ್ಟಿಗೆ ಎತ್ತಿದರು. ದಿನಾ ಎತ್ತುವುದೇ. "ಅಮ್ಮಾ" ಎಂದು ಅಲ್ಲೇ ನಿಂತರು. ಬೆನ್ನಿನೊಳಗೆ ಒಣ ಕಡ್ಡಿ ಮುರಿದಂತೆ ಆಯಿತಂತೆ. ಉಳುಕು ಎಂದುಕೊಂಡೆವು. ಬಿಸಿನೀರಿನ ಶಾಖ ಕೊಟ್ಟೆ, ಎಣ್ಣೆ ಹಚ್ಚಿದೆ. ಹಾಸಿಗೆಯಿಂದ ಏಳಲು ಆಗಲಿಲ್ಲ. ನಮ್ಮ ಮಗಳು ಬಸ್ ಓಡಿಸುತ್ತಾಳೆ. ಅಪ್ಪನ ಹಟವೇ ಅವಳಿಗೂ ಬಂದಿದೆ. ರಜೆ ಹಾಕಿ ಬಂದು ಹೊತ್ತುಕೊಂಡು ಹೋಗುವವಳ ಹಾಗೆ ನಿಂತಳು.

"ಏಳಪ್ಪ, ಆಸ್ಪತ್ರೆಗೆ ಹೋಗೋಣ."

"ಉಳುಕಿಗೆಲ್ಲ ಆಸ್ಪತ್ರೆ ಯಾರು ಹೋಗ್ತಾರೆ?"

"ಏಳ್ತೀಯೋ, ಇಲ್ಲಾ ಬಸ್ಸು ಒಳಗೇ ತರ್ಲೋ?"

ಎದ್ದರು.

ಆಸ್ಪತ್ರೆಯಲ್ಲಿ ಬೆನ್ನಿನ ಫೋಟೋ ತೆಗೆದರು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಸಮಾಧಾನದವರು. ಫೋಟೋವನ್ನು ಬೆಳಕಿಗೆ ಹಿಡಿದು ಬೆರಳಿಟ್ಟು ತೋರಿಸಿದರು. ಬೆನ್ನುಮೂಳೆಯ ಮಣಿಗಳು ಒಂದರ ಮೇಲೊಂದು. ಒಂದು ಮಣಿ ಹೊಸದಾಗಿ ಒಳಕ್ಕೆ ಕುಸಿದಿತ್ತು. ಅದರ ಮೇಲಿನದು ಯಾವಾಗಲೋ ಕುಸಿದಿತ್ತು, ನಮಗೆ ಗೊತ್ತೇ ಆಗಿರಲಿಲ್ಲ.

"ಮೊದಲು ನಿಮ್ಮ ಎತ್ತರ ಎಷ್ಟಿತ್ತು?" ಎಂದರು. ಇವರು ಹೇಳಿದರು. ಡಾಕ್ಟರಮ್ಮ ಅಳತೆಯ ಕಂಬಕ್ಕೆ ನಿಲ್ಲಿಸಿ ನೋಡಿದರು. "ನಾಲ್ಕು ಬೆರಳು ಕಡಿಮೆ ಇದೀರಿ."

"ನಿಮ್ಮ ಕಂಬ ಸರಿ ಇಲ್ಲ ಡಾಕ್ಟ್ರಮ್ಮ," ಎಂದರು ಇವರು. ಜೇಬಿನಿಂದ ತಮ್ಮ ಟೇಪು ತೆಗೆದು ಮಗಳ ಕೈಗೆ ಕೊಟ್ಟರು. "ಇದರಲ್ಲಿ ನೋಡು."

ಮಗಳು ಹಿಮ್ಮಡಿಯಿಂದ ನೆತ್ತಿಯವರೆಗೆ ಹಿಡಿದಳು. ಟೇಪನ್ನು ಇವರ ಕಣ್ಣ ಮುಂದೆ ತಂದಳು. ಇವರು ಅಂಕಿ ನೋಡಿದರು. ಅದು ಇವರ ಸ್ವಂತ ಟೇಪು. ಅದನ್ನು ಬೈಯಲಾರರು. ಮೆಲ್ಲಗೆ ಕುರ್ಚಿಯಲ್ಲಿ ಕೂತು ನನ್ನ ಕಡೆ ತಿರುಗಿದರು.

"ಹಾಗಾದ್ರೆ ಮೇಜು?"

"ಮೇಜು ಸರಿಯಾಗೇ ಇತ್ತು ರೀ," ಎಂದೆ.

ಇವರ ಮುಖ ಅಷ್ಟು ಚಿಕ್ಕದಾದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಡಾಕ್ಟರಮ್ಮ ಕುರ್ಚಿ ಹತ್ತಿರ ಎಳೆದುಕೊಂಡರು. "ಎಲುಬು ಅಂದ್ರೆ ಕಲ್ಲು ಅಂದ್ಕೊಂಡಿರ್ತೀವಿ. ಅಲ್ಲ. ಅದು ಜೀವ ಇರೋದು. ಮೈಯೊಳಗೂ ನಿಮ್ಮ ಅಂಗಡಿ ಹಾಗೇ ದಿನಾ ಹಳೇ ಎಲುಬು ಬಿಚ್ತಾರೆ, ಹೊಸದು ಹೊಲೀತಾರೆ. ವಯಸ್ಸಾದ್ಮೇಲೆ ಬಿಚ್ಚೋದು ಜಾಸ್ತಿ ಆಗುತ್ತೆ, ಹೊಲಿಯೋದು ಕಡಿಮೆ ಆಗುತ್ತೆ. ಹೊರಗಿಂದ ಏನೂ ಕಾಣಲ್ಲ. ನೋವೂ ಇರಲ್ಲ. ಮುರಿದಾಗಲೇ ಗೊತ್ತಾಗೋದು."

"ಒಳಗಿನ ದರ್ಜಿ ಸೋಮಾರಿ ಅನ್ನಿ," ಎಂದರು ಇವರು.

"ಸೋಮಾರಿ ಅಲ್ಲ, ನೀವು ಅವನಿಗೆ ದಾರ ಕೊಟ್ಟಿಲ್ಲ. ಹಾಲು ಮೊಸರು ಬೇಡ, ಬಿಸಿಲು ಬೇಡ, ಓಡಾಟ ಇಲ್ಲ. ಹಳೇ ಸಿಗರೇಟು ಬೇರೆ. ಎಲ್ಲಕ್ಕಿಂತ ಜಾಸ್ತಿ ಆ ಉಬ್ಬಸದ ಮಾತ್ರೆ. ಯಾರನ್ನೂ ಕೇಳದೆ ಇಷ್ಟು ವರ್ಷ ನುಂಗಿದ್ರೆ ಅದು ಎಲುಬನ್ನ ತಿನ್ನುತ್ತೆ."

"ನಾಳೆಯಿಂದ ನಿಲ್ಲಿಸಿಬಿಡ್ತೀನಿ."

"ಅದೂ ಮಾಡಬೇಡಿ! ಏಕ್‌ದಂ ನಿಲ್ಲಿಸಿದ್ರೆ ಜೀವಕ್ಕೇ ಅಪಾಯ. ನಾನು ಹೇಳಿದ ಹಾಗೆ ಸ್ವಲ್ಪ ಸ್ವಲ್ಪ ಇಳಿಸೋಣ. ಉಸಿರಿಗೆ ಎಳೆದುಕೊಳ್ಳೋ ಔಷಧಿ ಕೊಡ್ತೀನಿ."

"ಇದು ಹೆಂಗಸರ ಕಾಯಿಲೆ ಅಲ್ವಾ?" ಎಂದೆ ನಾನು.

"ಹೆಂಗಸರಿಗೆ ಜಾಸ್ತಿ ಅಮ್ಮ, ಮುಟ್ಟು ನಿಂತ ಮೇಲೆ. ಆದರೆ ಗಂಡಸರನ್ನೂ ಬಿಡಲ್ಲ. ಅವರು ತೋರಿಸ್ಕೊಳ್ಳಲ್ಲ, ಅಷ್ಟೇ. ನಿಮ್ಮದೂ ಒಂದು ಸಲ ನೋಡಬೇಕು."

"ಮೊದಲು ಇವರದಾಗಲಿ," ಎಂದೆ.

ಹೊರಡುವಾಗ ಇವರು ಒಂದೇ ಒಂದು ಪ್ರಶ್ನೆ ಕೇಳಿದರು. "ಹೋದ ಎತ್ತರ ವಾಪಸ್ ಬರುತ್ತಾ?"

"ಕುಸಿದ ಮಣಿ ಏಳೋದಿಲ್ಲ. ಬಾಗಿದ ಬೆನ್ನು ವ್ಯಾಯಾಮದಿಂದ ಸ್ವಲ್ಪ ನೆಟ್ಟಗಾಗಬಹುದು. ಎತ್ತರದ ಯೋಚನೆ ಬಿಡಿ. ಬೀಳಬೇಡಿ. ಈಗ ಅದೇ ಮುಖ್ಯ."

ಒಂದೇ ಮಾತನ್ನು ನಾವಿಬ್ಬರೂ ಕೇಳಿದೆವು. ಇವರು ನೆಟ್ಟಗಾಗಬಹುದು ಎಂಬುದನ್ನು ಕೇಳಿಸಿಕೊಂಡರು. ನಾನು ಬೀಳಬೇಡಿ ಎಂಬುದನ್ನು ಕೇಳಿಸಿಕೊಂಡೆ. ಅಲ್ಲಿಂದ ಮುಂದೆ ಮನೆಯಲ್ಲಿ ಇದ್ದದ್ದು ಇವೆರಡೇ. ಮೇಜಿಗೆ ಆ ತುಂಡುಗಳನ್ನು ಮತ್ತೆ ಅಂಟಿಸಿ, ಮೊದಲಿನ ಮಟ್ಟದಲ್ಲಿ ನೆಟ್ಟಗೆ ನಿಂತು ಒಂದು ಕೋಟು ಕತ್ತರಿಸಬೇಕು ಎಂಬುದು ಇವರ ಆಸೆ. ಇವರು ನೆಲಕ್ಕೆ ಬೀಳಬಾರದು ಎಂಬುದು ನನ್ನದು.

ಬೆನ್ನಿಗೆ ಪಟ್ಟಿ ಕಟ್ಟಿಕೊಂಡು ಕೆಲವು ವಾರ ಮಲಗಿ, ಕೂತು, ಆಮೇಲೆ ಎದ್ದರು. ನಾನು ಮನೆಯ ಚಾಪೆಗಳನ್ನು ಸುತ್ತಿ ಮೇಲಿಟ್ಟೆ. ಅಂಗಡಿಯಲ್ಲಿ ಒಂದು ದಾರ, ಒಂದು ಚಿಂದಿ ನೆಲದ ಮೇಲೆ ಇರಲು ಬಿಡಲಿಲ್ಲ. ಬಚ್ಚಲಲ್ಲಿ ಇವರು ಹಿಡಿದುಕೊಳ್ಳಲು ಮಗಳು ಕಂಬಿ ಹಾಕಿಸಿದಳು. ಇಸ್ತ್ರಿಪೆಟ್ಟಿಗೆ ನಾನೇ ಎತ್ತುತ್ತಿದ್ದೆ. ಬಗ್ಗಿ ಏನಾದರೂ ಎತ್ತಲು ಹೋದರೆ ಬಾಯಿಗೆ ಬಂದಂತೆ ಬೈಯುತ್ತಿದ್ದೆ.

"ಜೈಲಿನ ವಾರ್ಡನ್ ಕಣೇ ನೀನು."

"ಇರಲಿ. ಕೈದಿ ಗಟ್ಟಿಯಾಗಿದ್ರೆ ಸಾಕು."

ಎಲುಬಿಗೆಂದು ಡಾಕ್ಟರಮ್ಮ ಬರೆದುಕೊಟ್ಟದ್ದು ವಾರಕ್ಕೊಂದು ಮಾತ್ರೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ತುಂಬ ನೀರಿನ ಜೊತೆ ನುಂಗಬೇಕು. ನುಂಗಿ ಅರ್ಧ ಗಂಟೆ ಮಲಗುವ ಹಾಗಿಲ್ಲ, ತಿನ್ನುವ ಹಾಗಿಲ್ಲ, ನೆಟ್ಟಗೆ ಕೂತಿರಬೇಕು. ಮಲಗಿದರೆ ಅನ್ನನಾಳ ಸುಡುತ್ತದಂತೆ. ಇವರು ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಫೋಟೋಗೆ ಕೂತವರ ಹಾಗೆ ಕೂರುತ್ತಿದ್ದರು. ಹೋಗುವವರು ಬರುವವರು ಮಾತಾಡಿಸುತ್ತಿದ್ದರು. ಮೊಸರು, ಸೊಪ್ಪು, ಎಳ್ಳು ದಿನವೂ ಮಾಡಿಕೊಟ್ಟೆ. ಮೊಸರು ಬೇಡವೆಂದು ಮಗುವಿನ ಹಾಗೆ ರಚ್ಚೆ ಹಿಡಿಯುತ್ತಿದ್ದರು. ಆಮೇಲೆ ಗೋಡೆಗೆ ಬೆನ್ನು ಕೊಟ್ಟು ಭುಜ ಹಿಂದಕ್ಕೆ ಎಳೆಯುವುದು, ಮುಂಗಾಲಿನ ಮೇಲೆ ನಿಂತು ಇಳಿಯುವುದು. ಅದನ್ನು ಮಾತ್ರ ಯಾರೂ ಹೇಳಬೇಕಾಗಿರಲಿಲ್ಲ. ಮುಗಿಸಿ ಬಾಗಿಲ ಚೌಕಟ್ಟಿಗೆ ನಿಲ್ಲುತ್ತಿದ್ದರು.

"ಏನೇ, ಇವತ್ತು ಬೆಳೆದಿದೀನಾ?"

"ಬೆಳೆದಿದೀರಿ. ಮುಂದಿನ ವಾರ ಸ್ಕೂಲಿಗೆ ಸೇರಿಸ್ತೀನಿ."

ದಿನಾ ಇದೇ ಮಾತು. ದಿನಾ ಅದೇ ಗೆರೆ. ಒಂದು ದಿನ ಒಂದು ಬೆರಳು ಮೇಲೆ. ಎಲುಬು ಬೆಳೆದದ್ದಲ್ಲ, ಬೆನ್ನು ನೆಟ್ಟಗಾದದ್ದು. ಅದು ನನಗೂ ಗೊತ್ತಿತ್ತು, ಇವರಿಗೂ ಗೊತ್ತಿತ್ತು. ಆದರೂ ಪ್ಯಾಂಟಿನ ಮಡಿಕೆ ಬಿಚ್ಚಿದರು. ಒಂದು ಬೆರಳು ಎಂದು ಎರಡು ಬೆರಳು ಇಳಿಸಿದ್ದರು. ನಾಳೆಗೂ ಇರಲಿ ಎಂದಿರಬೇಕು.

ಮರುದಿನ ಆ ಪ್ಯಾಂಟು ಹಾಕಿಕೊಂಡರು. ಮಗಳ ಬಸ್ಸು ದಿನಾ ಬೆಳಿಗ್ಗೆ ನಮ್ಮ ಬೀದಿಯ ತುದಿಯಲ್ಲಿ ಹೋಗುತ್ತದೆ, ಹಾರನ್ ಹಾಕುತ್ತಾಳೆ. ಇವರು ಕೈ ಬೀಸಲು ಹೊಸ್ತಿಲು ದಾಟಿದರು. ಹಿಮ್ಮಡಿ ಮಡಿಕೆಯ ಮೇಲೆ ಬಿತ್ತು. ನಾನು ಒಳಗಿನಿಂದ ನೋಡಿದೆ. ಮೆಟ್ಟಿಲ ಮೇಲೆ ಪಕ್ಕಕ್ಕೆ ಬಿದ್ದರು. ಕೂಗಲಿಲ್ಲ. ನಾನು ಹೋಗಿ ತಲೆ ಹಿಡಿದುಕೊಂಡೆ. ನನ್ನನ್ನು ನೋಡಿ ಹೇಳಿದರು:

"ಮಡಿಕೆ ಜಾಸ್ತಿ ಇಳಿಸಿಬಿಟ್ಟೆ ಕಣೇ."

ಸೊಂಟದ ಕೀಲಿನ ಎಲುಬು ಮುರಿದಿತ್ತು. ಆಸ್ಪತ್ರೆಯಲ್ಲಿ ನರ್ಸು ಪ್ಯಾಂಟು ಬಿಚ್ಚಲಾಗದೆ ಕತ್ತರಿ ತಂದಳು. "ಹೊಲಿಗೆ ಮೇಲೇ ಕತ್ತರಿಸಮ್ಮ, ಬಟ್ಟೆ ಹಾಳಾಗಲ್ಲ," ಎಂದರು ಇವರು. ಆಪರೇಷನ್ ಮಾಡಿ ರಾಡು ಹಾಕಿದರು. ಎರಡನೆಯ ದಿನ ಹಿಡಿದು ನಿಲ್ಲಿಸಿದರು ಕೂಡ. ಮಂಚ ಚಿಕ್ಕದು, ಇವರ ಪಾದ ಕೊನೆಯ ಕಂಬಿಗೆ ತಾಗುತ್ತಿತ್ತು.

"ನೋಡು," ಎಂದರು, "ಮಲಗಿದ್ರೆ ನಾನು ಈಗಲೂ ಉದ್ದಣ್ಣನೇ."

"ಹೌದು. ಆದರೆ ಎದ್ದು ಬನ್ನಿ."

"ಬರ್ತೀನಿ. ಮೇಜು ಇದೆಯಲ್ಲ."

ಎದೆಗೆ ಕಫ ಕಟ್ಟಿತು. ಮೊದಲೇ ಸೋತ ಎದೆ. ಎದ್ದು ಬರಲಿಲ್ಲ.

ಜನ ಬಂದರು, ಹೋದರು. ಎಲ್ಲರೂ ಕಾಲು ಜಾರಿತಾ ಎಂದು ಕೇಳಿದರು. ನಾನು ಹೂಂ ಎಂದೆ. ಬಡಗಿ ಮಾತ್ರ ಏನೂ ಕೇಳಲಿಲ್ಲ. ಒಂದು ದಿನ ಅಂಟು, ಮೊಳೆ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತ.

"ಮೇಜಿನ ಕಾಲು ಅಂಟಿಸಬೇಕು ಅಂತ ಅವನು ಬೀಳೋ ಹಿಂದಿನ ಸಂಜೆ ಹೇಳಿ ಕಳಿಸಿದ್ದ. ಅಂಟಿಸಿಕೊಡಲಾ ಅಕ್ಕಾ?"

ನಾನು ಮೇಜಿನ ಹತ್ತಿರ ಹೋಗಿ ನಿಂತೆ. ಹಲಗೆ ಹಾಕಿಕೊಳ್ಳದೆ ನಿಂತೆ. ಕೈ ಸರಿಯಾಗಿ ಬಂತು. ಇವರು ಕುಸಿದು ಕುಸಿದು, ಮೇಜು ನನ್ನ ಅಳತೆಗೆ ಬಂದಿತ್ತು.

"ಬೇಡಪ್ಪಾ," ಎಂದೆ. "ಹೀಗೇ ಇರಲಿ."

ಅವನು ಅಲ್ಲೇ ಕೂತು ಅತ್ತ. ನಾನು ಕಪ್ಪು ಟೀ ಮಾಡಿಕೊಟ್ಟೆ.

ಅಂಗಡಿ ಮುಚ್ಚಲಿಲ್ಲ. ಕೋಟು, ಪ್ಯಾಂಟು ಹೊಲಿಯುವುದು ನನಗೆ ಬರುವುದಿಲ್ಲ. ಕಾಜ, ಗುಂಡಿ, ಮಡಿಕೆ, ಹರಿದದ್ದು, ಅಷ್ಟು ಬರುತ್ತದೆ. ಒಂದು ದಿನ ಹೊಸ್ತಿಲು ದಾಟುವಾಗ ನನ್ನ ಸೀರೆಯೊಳಗಿನ ಲಂಗದ ಅಂಚು ಕಾಲಿಗೆ ಸಿಕ್ಕಿತು. ಚೌಕಟ್ಟು ಹಿಡಿದುಕೊಂಡೆ. ನೋಡಿದರೆ ಅಂಚು ನೆಲಕ್ಕೆ ಎಳೆಯುತ್ತಿತ್ತು. ಹಳೆಯ ಲಂಗ, ಇವರೇ ಹೊಲಿದುಕೊಟ್ಟದ್ದು. ಹಿಂದೆ ಎಂದೂ ಎಳೆದಿರಲಿಲ್ಲ. ಕೂತು, ಸೂಜಿಗೆ ದಾರ ಹಾಕಿ, ಮಡಿಸಲು ಅಂಚು ಎತ್ತಿದೆ. ಬಟ್ಟೆ ಜೋತು ಬಿದ್ದಿದೆ ಎಂದುಕೊಳ್ಳಲು ಎಷ್ಟು ಸುಲಭ. ಸೂಜಿ ಕೆಳಗಿಟ್ಟೆ. ಮಗಳಿಗೆ ಫೋನ್ ಮಾಡಿದೆ.

"ನನ್ನ ಲಂಗ ನೆಲಕ್ಕೆ ಎಳೀತಾ ಇದೆ. ನನ್ನನ್ನೂ ಅಳೆಯೋಕೆ ಕರ್ಕೊಂಡು ಹೋಗು."

ಫೋನಿನ ಆ ಕಡೆಯಿಂದ ಅವಳು, "ಲಂಗ ಮಡಿಸಿಕೊಂಡು ಬಾ. ಬಿದ್ದುಗಿದ್ದೀಯಾ," ಎಂದಳು.

ಎಲುಬಿನ ಗಟ್ಟಿತನ ನೋಡುವ ಆ ಪರೀಕ್ಷೆಗೆ ನಾವು ಹೆದರುವಂಥದ್ದೇನೂ ಇಲ್ಲ. ಮಂಚದ ಮೇಲೆ ಮಲಗಿಸುತ್ತಾರೆ. ಮೇಲೆ ಒಂದು ಯಂತ್ರದ ತೋಳು ಸೊಂಟದಿಂದ ಬೆನ್ನಿಗೆ ಹೋಗಿ ಬರುತ್ತದೆ. ಸೂಜಿ ಇಲ್ಲ, ನೋವಿಲ್ಲ. ನನ್ನ ಎಲುಬೂ ತೆಳುವಾಗಿದೆ ಎಂದರು. ಆದರೆ ಏನೂ ಮುರಿದಿಲ್ಲ. "ಸಮಯಕ್ಕೆ ಬಂದಿದೀರಿ," ಎಂದರು ಅದೇ ಡಾಕ್ಟರಮ್ಮ. ನನ್ನ ಕೈ ಹಿಡಿದುಕೊಂಡು ಹೇಳಿದರು. ಮಗಳಿಗೂ ಬುದ್ಧಿ ಹೇಳಿದರು. ಎಲುಬು ಗಟ್ಟಿ ಮಾಡಿಕೊಳ್ಳುವ ವಯಸ್ಸು ಇದೇ, ದಿನವೆಲ್ಲ ಸೀಟಿನಲ್ಲಿ ಕೂತರೆ ಆಗದು, ನಡೀಬೇಕು, ಭಾರ ಎತ್ತಬೇಕು ಎಂದರು. ಡ್ಯೂಟಿ ಮುಗಿಸಿ ಮನೆಗೆ ಬರುವಾಗ ಅವಳು ಈಗ ಒಂದು ಸ್ಟಾಪು ಮೊದಲೇ ಇಳಿದು ನಡೆದು ಬರುತ್ತಾಳೆ. ಮೊಸರಿಗೆ ಅಪ್ಪನ ಹಾಗೆಯೇ ಮುಖ ಹಿಂಡುತ್ತಾಳೆ.

ಅಂಗಡಿಗೆ ವಯಸ್ಸಾದವರು ಯಾರಾದರೂ ಮಡಿಕೆ ಮೇಲೆ ಮಾಡಿಕೊಡು ಎಂದು ಬಂದರೆ ನಾನು ಸುಮ್ಮನೆ ತೆಗೆದುಕೊಳ್ಳುವುದಿಲ್ಲ.

"ಹೊಸ ಬಟ್ಟೆನಾ, ಹಳೇದಾ?"

"ಹಳೇದೇ. ಯಾಕೋ ಉದ್ದ ಆಗಿದೆ."

"ಬಟ್ಟೆ ಉದ್ದ ಆಗಲ್ಲ. ಮಡಿಸಿಕೊಡ್ತೀನಿ, ಉದ್ದ ಬಟ್ಟೆಯಲ್ಲಿ ಓಡಾಡಬೇಡಿ. ಆದರೆ ನಾಳೆ ಹೋಗಿ ಬೆನ್ನು ತೋರಿಸ್ಕೊಂಡು ಬನ್ನಿ."

ಕೆಲವರು ಹೋಗುತ್ತಾರೆ. ಕೆಲವರು ಈ ಮುದುಕಿಗೆ ತಲೆ ಕೆಟ್ಟಿದೆ ಎಂದು ಬೇರೆ ಅಂಗಡಿಗೆ ಹೋಗುತ್ತಾರೆ. ಹೋಗಲಿ.

ಬೆಳಿಗ್ಗೆ ಎದ್ದು ಮೊದಲು ನೆಲದ ಮೇಲಿನ ದಾರ, ಚಿಂದಿ ಆರಿಸುತ್ತೇನೆ. ಬಾಗಿಲು ತೆಗೆದು, ಗಾಳಿಗೆ ಹಾಕಿಕೊಳ್ಳದಂತೆ ಮೇಜಿನ ಕಾಲಿನ ಒಂದು ತುಂಡನ್ನು ಕೆಳಗೆ ಸಿಗಿಸುತ್ತೇನೆ. ಬಿಸಿಲು ಒಳಗೆ ಬರುತ್ತದೆ. ಹಿಂದಿನ ದಿನ ಬಂದುಹೋದವರ ಭುಜ ತಾಗಿ ಚೌಕಟ್ಟಿನ ಗೆರೆ ಅಳಿಸಿರುತ್ತದೆ. ಪೂರ್ತಿ ಅಳಿಸಿರುವುದಿಲ್ಲ. ಮರದೊಳಗೆ ಒಂದು ಮಸುಕು ಉಳಿದಿರುತ್ತದೆ, ಸೀಮೆಸುಣ್ಣಕ್ಕೆ ದಾರಿ ಗೊತ್ತಾಗಲು ಅಷ್ಟು ಸಾಕು. ಕೈ ಎತ್ತಿ ಮೊದಲು ಇವರ ಗೆರೆ ಎಳೆಯುತ್ತೇನೆ, ಮೇಲಿನದು, ಆ ಕೊನೆಯ ದಿನದ್ದು. ಆಮೇಲೆ ಹಿಮ್ಮಡಿ ತಾಗಿಸಿ ನಿಂತು, ತಲೆಯ ಮೇಲೆ ಸ್ಕೇಲು ಇಟ್ಟುಕೊಂಡು, ನನ್ನದು ಎಳೆಯುತ್ತೇನೆ.